ತಿರುಗಿ ಕೊಟ್ಟ ಕೌದಿ

ಬ್ಲೂಮ್‌ಫೆಲ್ಡ್, ಮನಿಟೋಬಾ
ಅಕ್ಟೋಬರ್ 12, 1986

ಪ್ರೀತಿಯ ನೇಟಾ,

ಈ ವರ್ಷ ನಮ್ಮ ಶಾಲೆಯ ಮಕ್ಕಳು ಎತ್ತುವ ಹಣ ನೀನು ನರ್ಸಾಗಿ ದುಡಿಯುವ ಆಸ್ಪತ್ರೆಗೆ ಬರುತ್ತದೆ. ತಪ್ಪು ನನ್ನದೇ. ಅಲ್ಲಿ ನೆಲ ಅಗೆದರೆ ಉಪ್ಪುನೀರು, ಮಳೆನೀರು ಹಿಡಿಯುವ ತೊಟ್ಟಿ ಬಿರುಕು ಬಿಟ್ಟಿದೆ ಎಂದು ನೀನು ಬರೆದಿದ್ದ ಪತ್ರವನ್ನು ತರಗತಿಯಲ್ಲಿ ಓದಿದೆ. ಓದಿ ಮುಗಿಸಿ ಕನ್ನಡಕ ತೆಗೆಯುವಷ್ಟರಲ್ಲಿ ಎಲ್ಫ್ರೀಡಾ ಬಾನ್‌ಮನ್ ಎದ್ದು ನಿಂತು, "ಟೀಚರ್, ಆ ತೊಟ್ಟೀನ ನಾವೇ ಕಟ್ಸಿಬಿಡೋಣ" ಅಂದಳು. ಈ ಹುಡುಗಿ ಎದ್ದು ನಿಂತರೆ ನನಗೆ ಮೊಣಕಾಲು ನೋಯಲು ಶುರುವಾಗುತ್ತದೆ.

ಬನ್ನು ಮಾರುವುದು, ಕಾರು ತೊಳೆಯುವುದು ಇವೆಲ್ಲ ಹಳೆಯದಾಯಿತಂತೆ. ಕಬ್ಬಿಣದ ಮಂಚವೊಂದಕ್ಕೆ ಸೈಕಲ್ ಚಕ್ರ ಜೋಡಿಸಿ, ಮೇಲೆ ಪೈಜಾಮಾ ತೊಟ್ಟ ರೋಗಿಯನ್ನು ಮಲಗಿಸಿ, ಹೆದ್ದಾರಿಯಲ್ಲಿ ಮೂರು ಊರು ತಳ್ಳಿಕೊಂಡು ಹೋಗುತ್ತಾರಂತೆ. ಚಳಿಗಾಲದಲ್ಲಿ ಕೀರ್ತನೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ದಿನದಲ್ಲಿ ಹಾಡುತ್ತಾರಂತೆ, ಹಾಡಿಗಿಷ್ಟು ಎಂದು ಊರವರು ಕೊಡಬೇಕು. ಮಾರ್ಚಿನಲ್ಲಿ ಹರಾಜು. ಗಣಿತದ ಹೊಸ ಮೇಷ್ಟ್ರು ಲೋವೆನ್ ಅವರ ಗಡ್ಡ ಬೋಳಿಸುವ ಹಕ್ಕೂ ಹರಾಜಿಗಿದೆ. ಪಾಪ, ಅವರಿಗೆ ಇನ್ನೂ ಗೊತ್ತಿಲ್ಲ.

ಇಪ್ಪತ್ತೇಳು ವರ್ಷದಿಂದ ಈ ಕೆಲಸ ನನ್ನ ಕೊರಳಿಗೇ ಬಿದ್ದಿದೆ. ಇದು ಕೊನೆಯದು. ಜೂನ್‌ಗೆ ನನ್ನ ನೌಕರಿ ಮುಗಿಯುತ್ತದೆ. ಆಮೇಲೆ ಏನು ಮಾಡುತ್ತೀ ಎಂದು ಕೇಳಿದ್ದೆಯಲ್ಲ, ಒಂದು ಯೋಚನೆ ಇದೆ. ಈಗ ಹೇಳುವುದಿಲ್ಲ.

ಅಮ್ಮನ ಮನೆಯನ್ನು ನಮ್ಮ ಕಿರಿಯ ತಮ್ಮ ಯಾಕೋಬ್ ಮಾರುತ್ತಿದ್ದಾನೆ. ಅವನ ಹೆಂಡತಿ ಟೀನಾ ಸಾಮಾನು ತೆಗೆಯುತ್ತಿದ್ದಾಳೆ. ನಿನಗೇನಾದರೂ ಬೇಕಿದ್ದರೆ ಬರೆ.

ನಿನ್ನ ಅಕ್ಕ,
ಜಸ್ಟೀನಾ

•

ಹೋಫ್‌ನುಂಗ್ಸೌ ಆಸ್ಪತ್ರೆ, ಚಾಕೊ, ಪರಾಗ್ವೆ
ನವೆಂಬರ್ 9, 1986

ಪ್ರೀತಿಯ ಅಕ್ಕ,

ನಲವತ್ತೆರಡು ಡಿಗ್ರಿ ಬಿಸಿಲು. ಕಾಗದಕ್ಕೆ ಬೆವರು ತೊಟ್ಟಿಕ್ಕುತ್ತಿದೆ, ಅಕ್ಷರ ಅಲ್ಲಲ್ಲಿ ಹರಡಿದ್ದರೆ ಅಳುತ್ತಿದ್ದೇನೆ ಅಂದುಕೊಳ್ಳಬೇಡ.

ತೊಟ್ಟಿ ಕಟ್ಟಿಸುವ ಮಕ್ಕಳಿಗೆ ನನ್ನ ನಮಸ್ಕಾರ ತಿಳಿಸು. ಅವರು ಮಂಚ ತಳ್ಳಲಿ, ಹಾಡಲಿ, ಯಾರ ಗಡ್ಡವನ್ನಾದರೂ ಬೋಳಿಸಲಿ. ಆದರೆ ಬಟ್ಟೆಯ ಮೂಟೆ ಮಾತ್ರ ಕಳಿಸಬೇಡಿ ಎಂದು ಕೈಮುಗಿದು ಹೇಳು. ಹೋದ ವರ್ಷ ಮೂರು ಮೂಟೆ ಉಣ್ಣೆಯ ಕೈಗವಸು ಬಂತು. ಅವನ್ನು ಒಲೆಯಿಂದ ಪಾತ್ರೆ ಇಳಿಸಲು ಬಳಸುತ್ತಿದ್ದೇವೆ. ಇಡೀ ಚಾಕೊದಲ್ಲಿ ಅಷ್ಟು ಪಾತ್ರೆಗಳಿಲ್ಲ.

ಅಮ್ಮನ ಮನೆಯಿಂದ ನನಗೆ ಬೇಕಾದದ್ದು ಒಂದೇ, ಆ ಕೌದಿ. ಹೈನ್ಜ್ ತೀರಿಕೊಂಡ ಚಳಿಗಾಲದಲ್ಲಿ ಅಮ್ಮ ಹೊಲಿದದ್ದು. ಅದರ ಒಂದು ಮೂಲೆಯಲ್ಲಿ ಅವನ ಹಸಿರು ಚೌಕಳಿ ಅಂಗಿಯ ತುಂಡಿದೆ, ನಿನಗೂ ನೆನಪಿರಬೇಕು. ಅವನ ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಆರು ವರ್ಷ ನನ್ನ ಪಕ್ಕದಲ್ಲೇ ಮಲಗಿದ ತಮ್ಮ. ಅವನು ಹೋದ ಮೇಲೆ ಎರಡು ವರ್ಷ ಆ ತುಂಡಿನ ಮೇಲೆ ಬೆರಳಿಟ್ಟುಕೊಂಡೇ ಮಲಗುತ್ತಿದ್ದೆ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಅಮ್ಮ ಸಾಯುವಾಗ ನಾನು ಬರಲಾಗಲಿಲ್ಲ, ನೀನಿದ್ದೆ. ಕೌದಿಯನ್ನಾದರೂ ನನಗೆಂದು ಎತ್ತಿಡು ಅಕ್ಕ. ಬೇರೆ ಒಂದು ಚಮಚವೂ ಬೇಡ.

ನಿನ್ನ ನೇಟಾ

•

ಬ್ಲೂಮ್‌ಫೆಲ್ಡ್
ಜನವರಿ 18, 1987

ಪ್ರೀತಿಯ ನೇಟಾ,

ತಡವಾಯಿತು. ಶೀತ, ಕೆಮ್ಮು, ಪರೀಕ್ಷೆ, ಕ್ರಿಸ್ಮಸ್. ಮೈನಸ್ ಮೂವತ್ತೊಂದು. ನಿನ್ನ ನಲವತ್ತೆರಡರಲ್ಲಿ ಅರ್ಧ ಇತ್ತ ಕಳಿಸಬಾರದೇ?

ಮಂಚ ತಳ್ಳುವುದು ಅಕ್ಟೋಬರಿನಲ್ಲೇ ಮುಗಿಯಿತು. ರೋಗಿಯಾಗಿ ಮಲಗಿದ್ದವನು ಎರಡನೇ ಊರಿಗೆ ಬರುವಷ್ಟರಲ್ಲಿ ನಿಜವಾಗಿಯೂ ಜ್ವರ ಬಂದು ನಡುಗತೊಡಗಿದ. ಊರವರು ನಟನೆ ಎಷ್ಟು ಚೆನ್ನಾಗಿದೆ ಎಂದು ಇನ್ನಷ್ಟು ಹಣ ಹಾಕಿದರು.

ಹೋದ ಶನಿವಾರ ಕೀರ್ತನೆ ಪುಸ್ತಕ ಹಾಡಿದೆವು. ಇನ್ನೂರು ದಾಟುವಾಗ ಹುಡುಗಿಯರ ಗಂಟಲು ಕಟ್ಟಿತು, ಮುನ್ನೂರಕ್ಕೆ ಎತ್ತರದ ದನಿಯ ಹುಡುಗರೂ ಕುಳಿತರು. ಕೊನೆಯ ನಲವತ್ತು ಹಾಡುಗಳನ್ನು ನಾಲ್ಕು ಜನ ಕೆಳದನಿಯ ಹುಡುಗರು, ರಾಗದ ಹಂಗಿಲ್ಲದೆ, ಕೊಟ್ಟಿಗೆಯಲ್ಲಿ ಎಮ್ಮೆಗಳ ಹಾಗೆ ಮುಗಿಸಿದರು. ನಾನು ಮೊದಲ ಸಾಲಿನಲ್ಲಿ ಕುಳಿತು ಲೆಕ್ಕಕ್ಕೆ ಗೆರೆ ಎಳೆಯುತ್ತಿದ್ದೆ. ಒಂದು ಕಾಲದಲ್ಲಿ ಇಂಥದ್ದಕ್ಕೆ ನನಗೆ ಕಣ್ಣು ತುಂಬುತ್ತಿತ್ತು. ಈಗ ಬೆನ್ನು ನೋಯುತ್ತದೆ, ಅಷ್ಟೇ.

ಮಾರ್ಚಿನ ಹರಾಜಿಗೆ ತಯಾರಿ ನಡೆದಿದೆ. ಎಂದಿನಂತೆ ಮೊದಲಿಗೆ ಬ್ರೆಡ್ಡು. ಲೋವೆನ್ ಮೇಷ್ಟ್ರು ವ್ಯಾಂಕೂವರಿನವರು, ನಮ್ಮ ಪದ್ಧತಿ ಗೊತ್ತಿಲ್ಲ. ಒಂದೇ ಬ್ರೆಡ್ಡನ್ನು ಹತ್ತು ಸಲ ಮಾರುತ್ತೇವೆ, ಕೊಂಡವರು ಹಣ ಕೊಟ್ಟು ಬ್ರೆಡ್ಡನ್ನು ತಿರುಗಿ ಹರಾಜಿಗೇ ಕೊಡುತ್ತಾರೆ ಎಂದರೆ ಅವರು ನಂಬಲೇ ಇಲ್ಲ.

"ಯಾರಾದ್ರೂ ಮನೆಗೆ ತಗೊಂಡು ಹೋಗ್ತೀನಿ ಅಂದ್ರೆ?" ಅಂತ ಕೇಳಿದರು.

"ಹೋಗ್ಬಹುದು ಸಾರ್" ಅಂದಳು ಎಲ್ಫ್ರೀಡಾ. "ಆದ್ರೆ ಇವತ್ತಿನವರೆಗೂ ಯಾರೂ ಹೋಗಿಲ್ಲ."

ಕೌದಿ ಒಣ ಜಾಗದಲ್ಲಿದೆ, ಇಲಿ ಹೆಗ್ಗಣಗಳ ಕಾಟವಿಲ್ಲ. ನೀನು ಚಿಂತೆ ಮಾಡಬೇಡ.

ಜಸ್ಟೀನಾ

•

ಹೋಫ್‌ನುಂಗ್ಸೌ
ಫೆಬ್ರವರಿ 15, 1987

ಅಕ್ಕ,

ಮೂರು ತಿಂಗಳು ಕಾದೆ. ಬಂದ ಪತ್ರದಲ್ಲಿ ಎಮ್ಮೆಗಳ ಹಾಡಿಗೆ ಅರ್ಧ ಪುಟ, ಕೌದಿಗೆ ಒಂದೂವರೆ ಸಾಲು. ಅದೂ ಇಲಿಯ ವಿಷಯ.

ನನಗೆ ಅರ್ಥವಾಗುತ್ತದೆ. ಅದು ನಿನಗೇ ಬೇಕು. ಬೇಕಿದ್ದರೆ ಬೇಕು ಎನ್ನು. ನಮ್ಮ ಮನೆಯಲ್ಲಿ ಯಾರೂ ಬೇಕು ಎಂದವರಲ್ಲ, ಬೇಡ ಎಂದವರೂ ಅಲ್ಲ. ಎಲ್ಲರೂ ತುಟಿ ಬಿಗಿದುಕೊಂಡೇ ಒಳ್ಳೆಯವರಾದರು. ಅಮ್ಮನ ಕೊನೆಯ ದಿನಗಳು ನಿನಗೆ ಸಿಕ್ಕವು, ಅವಳ ಮಾತು ಸಿಕ್ಕಿತು, ಕೈ ಸಿಕ್ಕಿತು. ನನಗೆ ಸಿಕ್ಕಿದ್ದು ಮೂರು ವಾರ ತಡವಾದ ನಿನ್ನ ಪತ್ರ. ಹತ್ತೊಂಬತ್ತು ವರ್ಷ ಆಸ್ಪತ್ರೆಯ ಬಿಳಿ ಹೊದಿಕೆಯಡಿ ಮಲಗಿದ್ದೇನೆ, ಇನ್ನೂ ಹತ್ತೊಂಬತ್ತು ವರ್ಷ ಮಲಗುತ್ತೇನೆ.

ಕೌದಿ ನಿನ್ನ ಹತ್ತಿರವೇ ಇರಲಿ. ಅದರ ಬಗ್ಗೆ ಮತ್ತೆ ಬರೆಯುವುದಿಲ್ಲ.

ನೇಟಾ

•

ಬ್ಲೂಮ್‌ಫೆಲ್ಡ್
ಮಾರ್ಚ್ 23, 1987

ನೇಟಾ,

ನಿನ್ನ ಪತ್ರ ಹರಾಜಿನ ಹಿಂದಿನ ದಿನ ಬಂತು. ಬೈದದ್ದಕ್ಕೆ ಕೋಪವಿಲ್ಲ. ನಿಜ ಹೇಳದೆ ಇದ್ದದ್ದು ನಾನು. ಈಗ ಎಲ್ಲ ಹೇಳುತ್ತೇನೆ, ಕೂತು ಓದು.

ನಿನ್ನ ನವೆಂಬರಿನ ಪತ್ರ ಕೈಗೆ ಬರುವ ಮೊದಲೇ ಟೀನಾ ಕೌದಿಯನ್ನು ಶಾಲೆಯ ಹರಾಜಿಗೆ ಕೊಟ್ಟಾಗಿತ್ತು. ಅಮ್ಮ ಬದುಕಿದ್ದರೂ ಹಾಗೇ ಮಾಡುತ್ತಿದ್ದರು ಎಂದಳು. ಸುಳ್ಳಲ್ಲ. ಒಣ ಜಾಗ ಎಂದೆನಲ್ಲ, ಅದು ಶಾಲೆಯ ಉಗ್ರಾಣ. ಕೀಲಿ ನನ್ನ ಸೊಂಟದಲ್ಲೇ ಇತ್ತು. ಬಾಗಿಲು ತೆಗೆದು ಕೌದಿಯನ್ನು ಮನೆಗೆ ತರಬಹುದಿತ್ತು, ಒಬ್ಬರೂ ಕೇಳುತ್ತಿರಲಿಲ್ಲ. ಆದರೆ ದಾನಕ್ಕೆಂದು ಕೊಟ್ಟದ್ದನ್ನು ವಾಪಸು ಕೊಡಿ ಎಂದು ನಮ್ಮ ಜನ ಯಾವತ್ತು ಕೇಳಿದ್ದಾರೆ? ನನ್ನ ಬಾಯಿಗೆ ಆ ಮಾತೇ ಬರಲಿಲ್ಲ. ಹರಾಜಿನಲ್ಲಿ ಕೊಂಡುಬಿಡೋಣ ಅಂದುಕೊಂಡೆ. ಹಳೇ ಕೌದಿ, ಯಾರು ಕೂಗುತ್ತಾರೆ ಎಂಬ ಧೈರ್ಯ.

ಹಣ ಇತ್ತು. ನಾಲ್ಕು ವರ್ಷದಿಂದ ಕೂಡಿಸುತ್ತಿದ್ದೆ. ಯೋಚನೆ ಇದೆ ಎಂದು ಬರೆದಿದ್ದೆನಲ್ಲ, ಅದು ಇದೇ. ಜುಲೈನಲ್ಲಿ ವಿಮಾನ ಹತ್ತಿ, ಹೇಳದೆ ಕೇಳದೆ, ನಿನ್ನ ಆಸ್ಪತ್ರೆಯ ಬಾಗಿಲಲ್ಲಿ ಬಂದು ನಿಲ್ಲಬೇಕೆಂದಿದ್ದೆ.

ಶನಿವಾರ ಶಾಲೆಯ ಆಟದ ಒಳಾಂಗಣ ಕಿಕ್ಕಿರಿದಿತ್ತು. ಹರಾಜು ಕೂಗುವವನು ಡೀಡ್ರಿಕ್ ಕ್ಲಿಪೆನ್‌ಸ್ಟೈನ್. ಏಳನೇ ತರಗತಿಯಲ್ಲಿ ನನ್ನ ಕೈಕೆಳಗೆ ಕಲಿತವನು, ಆಗಲೂ ಬಾಯಿ ಮುಚ್ಚುತ್ತಿರಲಿಲ್ಲ. ಎಲ್ಫ್ರೀಡಾ ಬೇಯಿಸಿದ ಬ್ರೆಡ್ಡು ಹನ್ನೊಂದು ಸಲ ಮಾರಾಟವಾಯಿತು. ಒಬ್ಬೊಬ್ಬರು ತಿರುಗಿ ಕೊಟ್ಟಾಗಲೂ ಚಪ್ಪಾಳೆ. ಜನಕ್ಕೆ ರಂಗೇರಿತು. ಅದೇ ಬಿಸಿಯಲ್ಲಿ ಅವನು ಕೌದಿ ಎತ್ತಿ ಹಿಡಿದ.

ನಾನು ಕೈ ಎತ್ತಿದೆ. ಪಕ್ಕದ ಊರಿನ ಆಬ್ರಾಮ್ ಟೇವ್ಸ್ ಕೂಡ ಎತ್ತಿದ. ಅವನಿಗೆ ಕೌದಿ ಬೇಕಿರಲಿಲ್ಲ, ನೇಟಾ. ಬೆಲೆ ಏರಿದಷ್ಟು ನಿನ್ನ ತೊಟ್ಟಿಗೆ ಒಳ್ಳೆಯದಲ್ಲವೇ? ನಾನೂ ಅದಕ್ಕೇ ಏರಿಸುತ್ತಿದ್ದೇನೆ ಎಂದು ತಿಳಿದು, ನನ್ನ ಕಡೆ ನೋಡಿ ನಗುತ್ತ, ಮತ್ತೆ ಮತ್ತೆ ಎತ್ತಿದ. ನಾನೂ ಬಿಡಲಿಲ್ಲ. ವಿಮಾನದ ಹಣ ಮುಗಿಯಲು ಬಂದಾಗ ಅವನು ಕೈ ಇಳಿಸಿದ. ಕೌದಿ ನನ್ನದಾಯಿತು. ಹೋಗಿ ತಗೊಂಡೆ. ಮೂಲೆಯ ಹಸಿರು ತುಂಡಿನ ಮೇಲೆ ಹೆಬ್ಬೆರಳಿಟ್ಟೆ. ನೀನು ಬೆರಳಿಟ್ಟು ಮಲಗುತ್ತಿದ್ದ ಆ ಬಟ್ಟೆ ಇನ್ನೂ ಮೆತ್ತಗಿದೆ.

ಅಷ್ಟರಲ್ಲಿ ಡೀಡ್ರಿಕ್ ಕೂಗಿದ: "ನೋಡ್ರಪ್ಪಾ, ನಮ್ಮ ಟೀಚರಮ್ಮ ಇದನ್ನೂ ತಿರುಗಿ ಕೊಡ್ತಿದಾರೆ! ಇಪ್ಪತ್ತೇಳು ವರ್ಷ ದುಡಿದ ಕೈ ಅದು! ಎಲ್ಲಿ, ಎದ್ ನಿಲ್ರಿ!"

ಎಲ್ಲರೂ ಎದ್ದರು. ಮಕ್ಕಳು ಹಾಡಲು ಶುರುಮಾಡಿದರು, ನಾಲ್ಕು ದನಿಯಲ್ಲಿ, ಆ ದಿನ ಗಂಟಲು ಚೆನ್ನಾಗಿತ್ತು. ಎಲ್ಫ್ರೀಡಾ ಬಂದು ನನ್ನ ಕೈಯಿಂದ ಕೌದಿಯನ್ನು ಎಷ್ಟು ಪ್ರೀತಿಯಿಂದ ತಗೊಂಡಳು ಅಂತೀಯಾ. "ಥ್ಯಾಂಕ್ಸ್ ಟೀಚರ್" ಅಂದಳು, ಕಣ್ಣಲ್ಲಿ ನೀರು.

ಇಲ್ಲ, ಇದು ನನ್ನದು ಎನ್ನಬೇಕಿತ್ತು. ಎರಡೇ ಮಾತು. ನಾನು ತಲೆ ತಗ್ಗಿಸಿದೆ. ಅದನ್ನೂ ಜನ ವಿನಯ ಎಂದುಕೊಂಡರು. ಕೌದಿ ಇನ್ನೂ ಎರಡು ಸಲ ಮಾರಾಟವಾಗಿ ಕೊನೆಗೆ ವಿನ್ನಿಪೆಗ್‌ನಿಂದ ಬಂದಿದ್ದ, ಯಾರಿಗೂ ಗುರುತಿಲ್ಲದ ಹೆಂಗಸಿನ ಪಾಲಾಯಿತು.

ನಿನ್ನ ತೊಟ್ಟಿಗೆ ಹಣ ಸಾಕಾಗಿ ಮಿಕ್ಕಿದೆ. ಲೋವೆನ್ ಮೇಷ್ಟ್ರ ಗಡ್ಡವೂ ಹೋಯಿತು, ಗಲ್ಲವೇ ಇಲ್ಲ ಪಾಪ. ನನ್ನ ಬಳಿ ಕೌದಿಯೂ ಇಲ್ಲ, ವಿಮಾನದ ಹಣವೂ ಇಲ್ಲ. ನನಗೆ ತುಂಬಾ ಸಾಕಾಗಿದೆ ನೇಟಾ. ಒಳ್ಳೆಯ ಕೆಲಸ ಮಾಡಿ ಮಾಡಿ ಸಾಕಾಗಿದೆ.

ಜಸ್ಟೀನಾ

•

ಹೋಫ್‌ನುಂಗ್ಸೌ
ಏಪ್ರಿಲ್ 20, 1987

ಅಕ್ಕ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಉತ್ತರ ಬರೆಯಲು ಮೂರು ಸಲ ಕೂತು ಎದ್ದೆ. ಫೆಬ್ರವರಿಯಲ್ಲಿ ಬರೆದದ್ದನ್ನು ಹರಿದು ಒಲೆಗೆ ಹಾಕು.

ನೀನು ಬರುವವಳಿದ್ದೆ ಎಂಬುದನ್ನು ಓದಬಾರದಿತ್ತು. ಈಗ ಬಾಗಿಲ ಕಡೆ ನೋಡುವುದು ಅಭ್ಯಾಸವಾಗಿಬಿಟ್ಟಿದೆ.

ತೊಟ್ಟಿಗೆ ಅಗೆತ ಶುರುವಾಗಿದೆ. ಮಕ್ಕಳಿಗೆ ಹೇಳು. ಹಣದ ಜೊತೆಗೆ ಬಟ್ಟೆಯ ಮೂಟೆಯೂ ಹೊರಟಿದೆ ಎಂದು ಆಸ್ಪತ್ರೆ ನಡೆಸುವ ಸಮಿತಿಯವರು ತಿಳಿಸಿದ್ದಾರೆ. ಬೇಡವೆಂದು ಕೈಮುಗಿದಿದ್ದೆ. ಬರಲಿ, ಬಿಚ್ಚಲು ನನಗೆ ಕೈಬರುವುದಿಲ್ಲ. ಹಾಗೇ ಇಲ್ಲಿನ ಮೂಲನಿವಾಸಿ ಲೆಂಗ್ವಾ ಜನರ ಹಟ್ಟಿಗೆ ಕಳಿಸಿಬಿಡುತ್ತೇನೆ. ಇಲ್ಲಿ ಚಳಿಗಾಲವಾದ ಜೂನ್ ತಿಂಗಳಲ್ಲಿ ಕೊರೆಯುವ ತೆಂಕಣ ಗಾಳಿ ಬೀಸಿದಾಗ ಅವರಿಗಾದರೂ ಉಪಯೋಗಕ್ಕೆ ಬರುತ್ತದೆ.

ನೇಟಾ

•

ಬ್ಲೂಮ್‌ಫೆಲ್ಡ್
ಮೇ 14, 1987

ನೇಟಾ, ನೇಟಾ,

ನಿನ್ನ ಪತ್ರ ಇವತ್ತು ಬಂತು. ಮೂಟೆ ಬಿಚ್ಚು! ನಿನ್ನ ಕೈಯಾರೆ ಬಿಚ್ಚು!

ಪತ್ರ ಓದಿ, ಮೂಟೆ ಕಳಿಸಿದವರು ಯಾರು ಎಂದು ತರಗತಿಯಲ್ಲಿ ರೇಗಿದೆ. ಎಲ್ಲರೂ ಎಲ್ಫ್ರೀಡಾ ಕಡೆ ನೋಡಿದರು. ಅವಳು ಮುಖ ಕೆಂಪಗೆ ಮಾಡಿಕೊಂಡು, "ಟೀಚರ್, ಹೇಳ್ಬಾರ್ದು ಅಂತಿದ್ವಿ. ಆ ವಿನ್ನಿಪೆಗ್ ಆಂಟಿ ಇದಾರಲ್ಲ, ಅವ್ರೂ ತಿರುಗಿ ಕೊಟ್ಬಿಟ್ರು. ಎಲ್ರೂ ಕೊಡ್ತಿದಾರೆ, ನಾನೊಬ್ಳು ಹೇಗೆ ಮನೆಗೆ ತಗೊಂಡ್ ಹೋಗ್ಲಿ ಅಂದ್ರು. ಅಷ್ಟೊತ್ತಿಗೆ ಹರಾಜು ಮುಗಿದಿತ್ತು. ಅದಕ್ಕೇ ನಾವು ನಿಮ್ಮ ತಂಗಿ ಆಸ್ಪತ್ರೆಗೇ ಇರ್ಲಿ ಅಂತ ಮೂಟೆ ನಡುವೆ ಇಟ್ವಿ" ಅಂದಳು.

ನಾನು ಕುರ್ಚಿಯಲ್ಲಿ ಕುಳಿತು ಮಕ್ಕಳೆದುರೇ ನಕ್ಕೆ, ಅತ್ತೆ. ಪಾಠ ನಡೆಯಲಿಲ್ಲ. ಕೈಗವಸುಗಳ ನಡುವೆ ಇದೆಯಂತೆ. ನಿನ್ನ ಕೌದಿ ನಿನ್ನ ಹತ್ತಿರಕ್ಕೇ ಹೊರಟಿದೆ. ದೇವರು ನಮ್ಮ ಮೂರ್ಖತನವನ್ನೂ ಕೆಲಸಕ್ಕೆ ಹಚ್ಚುತ್ತಾನೆ ನೋಡು.

ನಿನ್ನ ಅಕ್ಕ,
ಜಸ್ಟೀನಾ

•

ಹೋಫ್‌ನುಂಗ್ಸೌ
ಜೂನ್ 14, 1987

ಪ್ರೀತಿಯ ಅಕ್ಕ,

ನಿನ್ನ ಪತ್ರ ಬಂದದ್ದು ಜೂನ್ ಎಂಟಕ್ಕೆ. ಮೂಟೆ ಬಂದದ್ದು ಮೇ ಮೂವತ್ತಕ್ಕೆ. ಅದೇ ದಿನ ಎತ್ತಿನ ಗಾಡಿಯಲ್ಲಿ ಹಟ್ಟಿಗೆ ಕಳಿಸಿದ್ದೆ. ಹಗ್ಗ ಕೂಡ ಸಡಿಲಿಸಿರಲಿಲ್ಲ.

ನಿನ್ನ ಪತ್ರ ಓದಿದ ಮರುದಿನ ಜೀಪು ಕೇಳಿಕೊಂಡು ಹೋದೆ. ಬೇಗ ಸಿಕ್ಕಿತು. ಬೆಂಕಿಯ ಪಕ್ಕ ಒಬ್ಬ ಹುಡುಗ ಅದನ್ನು ಹೊದ್ದು ಮಲಗಿದ್ದ. ಐದೋ ಆರೋ ವರ್ಷ, ಎದೆಯಲ್ಲಿ ಕಫ. ತೆಂಕಣ ಗಾಳಿ ಕೊರೆಯುತ್ತಿತ್ತು. ಹಸಿರು ಚೌಕಳಿ ತುಂಡು ಸರಿಯಾಗಿ ಅವನ ಗಲ್ಲದ ಕೆಳಗೆ. ಅವನ ತಾಯಿ ನನಗೆ ಕೂರಲು ಜಾಗ ಮಾಡಿಕೊಟ್ಟಳು.

"ಇದು ನಿಮ್ಮ ಊರಿಂದ ಬಂತಂತೆ, ಹೌದಾ ಸಿಸ್ಟರ್?" ಅಂದಳು.

"ಹೌದು" ಅಂದೆ.

"ಯಾರು ಹೊಲಿದಿದ್ದು?"

"ನಮ್ಮ ಅಮ್ಮ."

ಅವಳು ನನ್ನನ್ನು ನೋಡಿದಳು, ಕೌದಿಯನ್ನು ನೋಡಿದಳು. ಎಲ್ಲ ತಿಳಿದುಬಿಟ್ಟಿತು ಅವಳಿಗೆ. ಮಗನ ಮೇಲಿಂದ ಅದನ್ನು ಎಳೆದು ಮಡಿಸಿ ನನ್ನ ತೊಡೆಯ ಮೇಲಿಟ್ಟಳು. ಹುಡುಗ ಚಳಿಗೆ ಮುದುಡಿದ. ಅಕ್ಕ, ಆ ಕ್ಷಣ ನನಗೆ ಅದು ಬೇಕಿತ್ತು. ತುಂಬಾ ಬೇಕಿತ್ತು, ಸುಳ್ಳು ಹೇಳುವುದಿಲ್ಲ. ತುಂಡಿನ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತಿದ್ದೆ. ಆಮೇಲೆ ನಾನೇ ಹುಡುಗನಿಗೆ ಹೊದಿಸಿದೆ. ಕಫಕ್ಕೆ ಔಷಧ ಕೊಟ್ಟು ಬಂದೆ. ಈಗ ವಾಸಿಯಾಗಿದ್ದಾನೆ. ನಮ್ಮವನಿಗೆ ಆ ವರ್ಷ ಔಷಧ ಸಿಗಲಿಲ್ಲವಲ್ಲ.

ಹಾಗಂತ ನನಗೆ ನೆಮ್ಮದಿ ಆಗಿದೆ ಅಂದುಕೊಳ್ಳಬೇಡ. ಕೌದಿ ಹೋಯಿತೆಂದು ದಿನಾ ಬೇಜಾರಾಗುತ್ತದೆ. ಆದರೆ ಆ ಅಂಗಿಯನ್ನು ಹೈನ್ಜ್ ಮೈಮೇಲೆ ಕಂಡ ನೆನಪಿರುವವರು ಈಗ ನಾವಿಬ್ಬರೇ. ನನಗೆ ಈಗ ನೀನು ಬೇಕು.

ನಾಲ್ಕು ವರ್ಷಕ್ಕೊಮ್ಮೆ ಊರಿಗೆ ಹೋಗಿಬರಲು ಸಮಿತಿ ನನಗೆ ವಿಮಾನದ ಟಿಕೆಟ್ ಕೊಡಬೇಕು. ಎರಡು ಸಲದ್ದು ನಾನು ತಗೊಂಡಿಲ್ಲ. ಆಸ್ಪತ್ರೆಗೇ ಇರಲಿ ಎಂದು ಬಿಟ್ಟುಕೊಟ್ಟಿದ್ದೆ, ನಾನೂ ಅಮ್ಮನ ಮಗಳೇ ಅಲ್ಲವೇ. ಈ ಸಲ ಹೋಗಿ ಕೇಳಿದೆ. ನನಗೆ ಬೇಡ, ನನ್ನ ಅಕ್ಕನ ಹೆಸರಿಗೆ ಕೊಡಿ, ಅವಳು ಇಲ್ಲಿಗೆ ಬರಲಿ ಎಂದೆ. ಹೀಗೆ ಯಾರೂ ಕೇಳಿದ್ದಿಲ್ಲ ಎಂದರು. ನಾನು ಕೇಳುತ್ತಿದ್ದೇನಲ್ಲ ಎಂದೆ. ಟಿಕೆಟ್ ನಿಮ್ಮ ಚರ್ಚಿನ ಸಭೆಯ ವಿಳಾಸಕ್ಕೆ ಬರುತ್ತದೆ.

ಅಕ್ಕ, ದಮ್ಮಯ್ಯ. ಇದನ್ನು ಮಾತ್ರ ತಿರುಗಿ ಕೊಡಬೇಡ.

ನೇಟಾ

•

ಬ್ಲೂಮ್‌ಫೆಲ್ಡ್
ಜುಲೈ 13, 1987

ಪ್ರೀತಿಯ ನೇಟಾ,

ನಿನ್ನ ಪತ್ರ ಹೋದ ವಾರ, ಟಿಕೆಟ್ ನಿನ್ನೆ ಬಂತು. ಭಾನುವಾರದ ಆರಾಧನೆ ಮುಗಿದ ಮೇಲೆ ಪಾದ್ರಿಗಳು ಲಕೋಟೆ ಹಿಡಿದು ಎಲ್ಲರಿಗೂ ಓದಿ ಹೇಳಿದರು. ಜನ ತಲೆದೂಗಿದರು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಡೀಡ್ರಿಕ್ ಎದ್ದ. ಕೂಗುವವನಿಗೆ ಕೂಗದೆ ಇರಲು ಬರುವುದಿಲ್ಲ.

"ನಮ್ಮ ಟೀಚರಮ್ಮನ ಮನಸ್ಸು ನಮಗೆಲ್ಲ ಗೊತ್ತು" ಅಂತ ಶುರುಮಾಡಿದ. "ಆಸ್ಪತ್ರೆಗೆ ಎರಡನೇ ತೊಟ್ಟೀನೂ ಕಟ್ಸೋಣ, ಅದಕ್ಕೆ ಇದೇ ಮೊದಲನೇ ಕಾಣಿಕೆ ಆಗ್ಲಿ ಅಂತ ಅವರೇ..."

ಮುಂದಿನ ಸಾಲಿನಲ್ಲಿದ್ದ ಎಲ್ಫ್ರೀಡಾ ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದಳು.

ನಾನು ಎದ್ದು ನಿಂತೆ. ಮುಂದಿನ ಬೆಂಚು ಹಿಡಿದುಕೊಂಡೆ. "ಇಲ್ಲ. ಇದು ನನ್ನದು. ನಾನು ಇಟ್ಕೊತೀನಿ" ಎಂದೆ. ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಡೀಡ್ರಿಕ್ ಬಾಯಿ ತೆರೆದುಕೊಂಡು ನಿಂತೇ ಇದ್ದ.

"ಕೂತ್ಕೋ ಡೀಡ್ರಿಕ್" ಎಂದೆ.

ಕೂತ.

ಹೊರಗೆ ಬಂದಾಗ ಟೀನಾ ಮಾತಾಡಿಸಲಿಲ್ಲ. ಎಲ್ಫ್ರೀಡಾ ಮಾತ್ರ ಓಡಿ ಬಂದು, ಗಾಬರಿಯಿಂದ, "ಟೀಚರ್, ಆವತ್ತು ಕೌದೀನೂ ನಿಮಗೆ ಬೇಕಿತ್ತಾ?" ಎಂದು ಕೇಳಿದಳು.

"ಬೇಕಿತ್ತು ಕಣೇ" ಎಂದೆ.

ಬರುವ ತಿಂಗಳು ನಾಲ್ಕಕ್ಕೆ ಹೊರಡುತ್ತೇನೆ. ಮಕ್ಕಳು ನಿನ್ನ ಆಸ್ಪತ್ರೆಗೆಂದು ಒಂದು ಮೂಟೆ ತಂದಿಟ್ಟರು, ಒಯ್ಯುವುದಿಲ್ಲ ಎಂದು ಹೇಳಿದೆ. ಚೀಲದಲ್ಲಿ ನನ್ನ ಎರಡು ಉಡುಪು, ಕನ್ನಡಕ, ಮೊಣಕಾಲಿನ ಮುಲಾಮು ಇಷ್ಟೇ. ಬಾಗಿಲ ಕಡೆ ನೋಡುತ್ತಿರು.

ನಿನ್ನ ಅಕ್ಕ,
ಜಸ್ಟೀನಾ